ಕಣ್ಣಿನ ಡಾಕ್ಟರೇ ಇನ್ನೊಬ್ಬ ಕಣ್ಣಿನ ಡಾಕ್ಟರ ಹತ್ತಿರ ಕಳಿಸಿದರೆ ಅದು ಕಮಿಷನ್ ಆಟವೇ? ಫಾರ್ವರ್ಡ್ ಹೇಳುವುದೇನು, ನಿಜವೇನು

ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಈ ಧಾಟಿಯ ಸಂದೇಶ ಒಂದಲ್ಲ ಒಂದು ರೂಪದಲ್ಲಿ ಓಡಾಡುತ್ತಲೇ ಇರುತ್ತದೆ:

"ಊರಿನ ಕಣ್ಣಿನ ಡಾಕ್ಟರು ರೆಟಿನಾ ಸ್ಪೆಷಲಿಸ್ಟ್ ಹತ್ತಿರ ಹೋಗಿ ಅಂತ ಚೀಟಿ ಕೊಟ್ಟರೆ ಹೋಗಬೇಡಿ, ಅದು ಕಮಿಷನ್ ದಂಧೆ. ಅಲ್ಲಿ ಕಣ್ಣೊಳಗೆ ಇಂಜೆಕ್ಷನ್ ಚುಚ್ಚಿ ಇದ್ದ ದೃಷ್ಟಿಯನ್ನೂ ಕಳೆಯುತ್ತಾರೆ. ಈರುಳ್ಳಿ ರಸಕ್ಕೆ ಜೇನುತುಪ್ಪ ಬೆರೆಸಿ ಹಾಕಿ, ಕಣ್ಣು ಸರಿಹೋಗುತ್ತದೆ. ಎಲ್ಲರಿಗೂ ಕಳಿಸಿ."

ಇದರಲ್ಲಿ ಮೂರು ಮಾತುಗಳಿವೆ. ಮೂರನ್ನೂ ಒಂದೊಂದಾಗಿ ನೋಡೋಣ. ಅವಸರದಲ್ಲಿರುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇವೆ: ಕಮಿಷನ್ ಬಗ್ಗೆ ಅನುಮಾನವಿದ್ದರೆ ಆಸ್ಪತ್ರೆಯನ್ನು ಬದಲಿಸಿ, ತಪಾಸಣೆಯನ್ನು ಮಾತ್ರ ಬಿಡಬೇಡಿ. ಕಣ್ಣಿನ ಇಂಜೆಕ್ಷನ್ ದೃಷ್ಟಿ ಉಳಿಸಲು ಕೊಡುವುದು. ಈರುಳ್ಳಿ, ಜೇನುತುಪ್ಪದಿಂದ ರೆಟಿನಾ ರೋಗ ವಾಸಿಯಾಗುವುದಿಲ್ಲ, ಕಣ್ಣಿಗೆ ಗಾಯವಾಗಬಹುದು.

ಗಳಗನಾಥದಿಂದ ಒಂದು ಉದಾಹರಣೆ

ಹಾವೇರಿ ಜಿಲ್ಲೆಯ ಗಳಗನಾಥ ತುಂಗಭದ್ರೆಯ ದಂಡೆಯ ಊರು. ವರದಾ ನದಿ ಬಂದು ಸೇರುವುದು ಅಲ್ಲೇ, ಗಳಗೇಶ್ವರ ದೇವಸ್ಥಾನ ಇರುವುದೂ ಅಲ್ಲೇ. ಅಲ್ಲಿನ ಐವತ್ತೈದು ವರ್ಷದ ಒಬ್ಬ ರೈತರನ್ನು ಊಹಿಸಿಕೊಳ್ಳಿ. ಎಂಟು ವರ್ಷದಿಂದ ಶುಗರ್ ಇದೆ, ಮಾತ್ರೆ ನಡೆದಿದೆ. ಓದುವ ಕನ್ನಡಕ ಬದಲಿಸೋಣ ಎಂದು ಹಾವೇರಿಗೆ ಹೋದರೆ ಕಣ್ಣಿನ ಡಾಕ್ಟರು ಹನಿ ಹಾಕಿ, ಅರ್ಧ ಗಂಟೆ ಕೂರಿಸಿ, ಕಣ್ಣಿನ ಒಳಗೆಲ್ಲ ನೋಡಿ, ಹುಬ್ಬಳ್ಳಿಗೆ ಚೀಟಿ ಬರೆಯುತ್ತಾರೆ.

"ನನಗ ಚಲೋ ಕಾಣ್ತೈತ್ರಿ ಡಾಕ್ಟ್ರ. ಹೊಲದಾಗ ಗೋವಿನಜೋಳದ ಕಳೆ ಸುದ್ದಾ ಕಾಣ್ತೈತಿ. ಮತ್ಯಾಕ್ರಿ ಹುಬ್ಬಳ್ಳಿ?"

ಈ ಪ್ರಶ್ನೆ ತಪ್ಪಲ್ಲ. ಊರಿಂದ ಹಾವೇರಿ, ಹಾವೇರಿಯಿಂದ ಹುಬ್ಬಳ್ಳಿ ಇನ್ನೂ ಸುಮಾರು 75 ಕಿಲೋಮೀಟರ್. ಹೋಗಿಬರಲು ಒಂದು ದಿನ ಬೇಕು, ಜೊತೆಗೆ ಮಗನೋ ಮಗಳೋ ಕೆಲಸ ಬಿಟ್ಟು ಬರಬೇಕು. ಆ ಚೀಟಿ ಅಂಗಿಯ ಜೇಬಿನಿಂದ ದೇವರ ಗೂಡಿಗೆ ಹೋಗಿ ಅಲ್ಲೇ ಉಳಿಯುವುದು ಹೀಗೆ. ಎರಡು ವರ್ಷ ಬಿಟ್ಟು ಒಂದು ಬೆಳಗ್ಗೆ ಒಂದು ಕಣ್ಣಿನಲ್ಲಿ ಮಸಿ ಸುರಿದಂತಾದಾಗ ಚೀಟಿಯ ನೆನಪಾಗುತ್ತದೆ.

ಕಣ್ಣಿನ ಡಾಕ್ಟರಿಗೇ ಗೊತ್ತಾಗುವುದಿಲ್ಲವೇ?

ಗೊತ್ತಾಗುತ್ತದೆ. ಗೊತ್ತಾಗಿದ್ದಕ್ಕೇ ಕಳಿಸಿದ್ದು.

ನಿಮ್ಮ ಮೊಬೈಲ್ ಕ್ಯಾಮೆರಾ ನೆನಪಿಸಿಕೊಳ್ಳಿ. ಮುಂದೆ ಗಾಜಿನ ಮಸೂರ ಇರುತ್ತದೆ, ಹಿಂದೆ ಚಿತ್ರ ಹಿಡಿಯುವ ಸೆನ್ಸರ್. ಗಾಜು ಮಬ್ಬಾದರೆ ಗಾಜು ಬದಲಿಸಿದರೆ ಸಾಕು. ಕಣ್ಣಿನಲ್ಲಿ ಮಸೂರ ಮಬ್ಬಾಗುವುದಕ್ಕೆ ಪೊರೆ ಬರುವುದು ಎನ್ನುತ್ತೇವೆ, ಅದನ್ನು ತೆಗೆದು ಹೊಸ ಮಸೂರ ಕೂರಿಸುತ್ತಾರೆ. ಆದರೆ ಹಿಂದಿನ ಸೆನ್ಸರ್ ಕೆಟ್ಟರೆ ಗಾಜು ಎಷ್ಟು ಹೊಸದಾದರೂ ಚಿತ್ರ ಬರದು. ಕಣ್ಣಿನ ಆ ಸೆನ್ಸರ್ ರೆಟಿನಾ, ಅಂದರೆ ಅಕ್ಷಿಪಟಲ. ಮೊಬೈಲಿನದನ್ನು ಬದಲಿಸಬಹುದು, ಕಣ್ಣಿನದನ್ನು ಬದಲಿಸಲು ಬರುವುದಿಲ್ಲ.

ಎಲ್ಲ ಕಣ್ಣಿನ ಡಾಕ್ಟರೂ ರೆಟಿನಾವನ್ನು ನೋಡಬಲ್ಲರು. ಆದರೆ ಅದಕ್ಕೆ ಲೇಸರ್ ಹಾಕುವುದು, ಕಣ್ಣೊಳಗೆ ಔಷಧ ಕೊಡುವುದು, ಕಿತ್ತುಬಂದ ರೆಟಿನಾವನ್ನು ಮತ್ತೆ ಕೂರಿಸುವುದು ಬೇರೆಯೇ ತರಬೇತಿ ಕೇಳುವ ಕೆಲಸ. ರೆಟಿನಾದ ಪದರಗಳನ್ನು ಸ್ಕ್ಯಾನ್ ಮಾಡುವ ಓಸಿಟಿ ಯಂತ್ರ, ಲೇಸರ್ ಯಂತ್ರ, ವಿಶೇಷ ಆಪರೇಷನ್ ಥಿಯೇಟರ್ ಎಲ್ಲ ಊರಲ್ಲೂ ಇರುವುದಿಲ್ಲ. ಎದೆನೋವಿಗೆ ಹೃದಯದ ಡಾಕ್ಟರ ಬಳಿ ಕಳಿಸಿದರೆ ನಾವು ತಪ್ಪು ತಿಳಿಯುವುದಿಲ್ಲ. ಇದೂ ಹಾಗೆಯೇ.

'ಪೊರೆ ತೆಗೆಸಿದರೂ ಅಪ್ಪನಿಗೆ ಕಾಣಲಿಲ್ಲ, ಆಪರೇಷನ್ ಕೆಟ್ಟಿತು' ಎಂಬ ದೂರು ನೀವೂ ಕೇಳಿರಬಹುದು. ಅಂಥ ಕೆಲವು ಪ್ರಕರಣಗಳಲ್ಲಿ ಆಪರೇಷನ್ ಸರಿಯಾಗಿಯೇ ಆಗಿರುತ್ತದೆ, ಹಿಂದಿನ ರೆಟಿನಾ ಮೊದಲೇ ಕೆಟ್ಟಿರುತ್ತದೆ. ಶುಗರ್ ಇದ್ದವರಲ್ಲಿ ರೆಟಿನಾದ ನಡುಭಾಗಕ್ಕೆ ಬಾವು ಇದ್ದರೆ ಪೊರೆ ಆಪರೇಷನ್ ಆದ ಮೇಲೆ ಅದು ಹೆಚ್ಚಾಗಲೂಬಹುದು. ಅದಕ್ಕೇ ಪೊರೆ ತೆಗೆಯುವ ಮುನ್ನ ರೆಟಿನಾ ನೋಡಿಸಿಕೊಂಡು ಬನ್ನಿ ಎನ್ನುವುದು.

ಚೆನ್ನಾಗಿ ಕಾಣುತ್ತಿದ್ದರೂ ರೋಗ ಇರಬಹುದೇ?

ಇರಬಹುದು. ಈ ರೋಗದ ಅಪಾಯ ಇರುವುದೇ ಇಲ್ಲಿ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ರೆಟಿನಾದ ಕೂದಲೆಳೆಯಂಥ ರಕ್ತನಾಳಗಳು ದುರ್ಬಲವಾಗುತ್ತವೆ. ಕಾಲುವೆಯ ಒಡ್ಡು ಜಿನುಗಿ ಪಕ್ಕದ ಹೊಲ ಜೌಗಾಗುವಂತೆ, ನಾಳಗಳಿಂದ ನೀರು, ಕೊಬ್ಬು, ರಕ್ತ ಜಿನುಗುತ್ತವೆ. ಕೆಲವು ನಾಳಗಳು ಮುಚ್ಚಿಹೋಗುತ್ತವೆ. ರಕ್ತ ಸಿಗದ ಭಾಗ 'ಹೊಸ ನಾಳ ಬೇಕು' ಎಂದು ಸಂಕೇತ ಕಳಿಸುತ್ತದೆ. ಹಾಗೆ ಹುಟ್ಟುವ ಹೊಸ ನಾಳಗಳು ತೀರಾ ನಾಜೂಕು. ಅವು ಒಡೆದರೆ ಕಣ್ಣೊಳಗೆ ರಕ್ತ ತುಂಬಿಕೊಳ್ಳುತ್ತದೆ, ಮುಂದೆ ರೆಟಿನಾವನ್ನೇ ಎಳೆದು ಕೀಳಬಹುದು. ಇದೇ ಡಯಾಬಿಟಿಕ್ ರೆಟಿನೋಪತಿ.

ಇದರಲ್ಲಿ ನೋವಿಲ್ಲ, ಕೆಂಪಿಲ್ಲ, ನೀರು ಸುರಿಯುವುದಿಲ್ಲ. ನಡುಭಾಗಕ್ಕೆ ತಾಗುವವರೆಗೆ ಓದಲೂ ತೊಂದರೆಯಿಲ್ಲ. ಚಾರ್ಟಿನ ಕೊನೆಯ ಸಾಲು ಓದಿದವರ ಕಣ್ಣಿನಲ್ಲೂ ಲೇಸರ್ ಬೇಕಾದಷ್ಟು ರೋಗ ಇರಬಹುದು. ಹಾಗಾಗಿ ಟೈಪ್ 2 ಶುಗರ್ ಇದ್ದವರು ಅದು ಪತ್ತೆಯಾದ ಹೊತ್ತಿನಲ್ಲೇ ಒಮ್ಮೆ, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ರೆಟಿನಾ ತೋರಿಸಬೇಕು. ಟೈಪ್ 1 ಇದ್ದವರು ರೋಗ ಬಂದ ಐದು ವರ್ಷದೊಳಗೆ ತೋರಿಸಲು ಶುರುಮಾಡಬೇಕು. ಮೊದಲೇ ಶುಗರ್ ಇದ್ದ ಹೆಣ್ಣುಮಕ್ಕಳು ಗರ್ಭಿಣಿಯಾದರೆ ಮೊದಲ ಮೂರು ತಿಂಗಳಲ್ಲೇ ತೋರಿಸಬೇಕು, ಆ ಸಮಯದಲ್ಲಿ ರೋಗ ಬೇಗ ಬೆಳೆಯಬಹುದು.

ಮನೆಗೇ ಬಂದು ಕಣ್ಣು ನೋಡಿದ್ದಾರಲ್ಲ, ಸಾಲದೇ?

ರಾಜ್ಯ ಸರ್ಕಾರದ 'ಆಶಾಕಿರಣ' ಯೋಜನೆಗೆ 2024ರ ಫೆಬ್ರುವರಿಯಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಹಾವೇರಿಯಲ್ಲೇ ಚಾಲನೆ ಕೊಟ್ಟರು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ದೃಷ್ಟಿ ಪರೀಕ್ಷಿಸುವುದು, ತೊಂದರೆ ಕಂಡವರನ್ನು ಮುಂದಿನ ತಪಾಸಣೆಗೆ ಕಳಿಸುವುದು, ಬೇಕಾದವರಿಗೆ ಉಚಿತ ಕನ್ನಡಕ, ಪೊರೆ ಬಂದವರಿಗೆ ಉಚಿತ ಆಪರೇಷನ್ ಇದರ ಉದ್ದೇಶ. ತುಂಬಾ ಒಳ್ಳೆಯ ಕೆಲಸ.

ಆದರೆ ಮನೆಯ ಪಡಸಾಲೆಯಲ್ಲಿ ಆಗುವುದು ದೃಷ್ಟಿಯ ಪರೀಕ್ಷೆ. ಪಾಪೆ ಹಿಗ್ಗಿಸಿ ಒಳಗೆ ನೋಡುವ ಪರೀಕ್ಷೆ ಅಲ್ಲಿ ಆಗುವುದಿಲ್ಲ. ಆದ್ದರಿಂದ 'ಆಶಾ ಅಕ್ಕ ನೋಡಿ ಸರಿ ಐತಿ ಅಂದ್ರು' ಎಂದರೆ ಕನ್ನಡಕ, ಪೊರೆಯ ಮಟ್ಟಿಗೆ ಸರಿ ಇದೆ ಎಂದು ತಿಳಿಯಿರಿ. ಶುಗರ್ ಇದ್ದರೆ ರೆಟಿನಾ ಪರೀಕ್ಷೆ ಬೇರೆಯೇ ಆಗಬೇಕು. ಮನೆಗೆ ಬಂದವರಿಗೆ 'ನನಗೆ ಶುಗರ್ ಇದೆ' ಎಂದು ಮರೆಯದೆ ಹೇಳಿ. ಆ ಒಂದು ಮಾತಿನಿಂದ ನಿಮ್ಮ ಚೀಟಿಯ ದಾರಿ ಬದಲಾಗಬಹುದು.

ಎಷ್ಟು ಬೇಗ ಹೋಗಬೇಕು?

ಎಲ್ಲ ಚೀಟಿಗೂ ಒಂದೇ ಅವಸರವಿಲ್ಲ. ಸ್ಥೂಲವಾಗಿ ಹೀಗೆ:

• ಈಗಲೇ, ಗಂಟೆಗಳ ಲೆಕ್ಕ: ನೋವಿಲ್ಲದೆ ಒಂದು ಕಣ್ಣು ಥಟ್ಟನೆ ಕತ್ತಲಾದರೆ. ರೆಟಿನಾದ ಮುಖ್ಯ ರಕ್ತನಾಳ ಮುಚ್ಚಿರಬಹುದು. ಇದು ಕಣ್ಣಿಗೆ ಬಂದ ಲಕ್ವದಂತೆ. ಲಕ್ವಕ್ಕೆ ಚಿಕಿತ್ಸೆ ಕೊಡುವ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೇ ಹೋಗಬೇಕು.

• ಅದೇ ದಿನ: ಕಣ್ಣಲ್ಲಿ ಮಿಂಚು ಹೊಡೆದಂತಾಗುವುದು, ಒಮ್ಮೆಲೇ ಸೊಳ್ಳೆ ಹಿಂಡಿನಂತೆ ಕಪ್ಪು ಚುಕ್ಕೆ ಹಾರುವುದು, ಒಂದು ಬದಿಯಿಂದ ಪರದೆ ಇಳಿದಂತಾಗುವುದು. ರೆಟಿನಾ ಹರಿದಿರಬಹುದು ಅಥವಾ ಕಿತ್ತುಬರುತ್ತಿರಬಹುದು. ನಡುಭಾಗ ಕೀಳುವ ಮುಂಚೆ ಸಿಕ್ಕರೆ ಓದುವ ದೃಷ್ಟಿ ಉಳಿಯುವ ಅವಕಾಶ ಹೆಚ್ಚು.

• ಕೆಲವೇ ದಿನಗಳಲ್ಲಿ: ಕಣ್ಣೊಳಗೆ ರಕ್ತ ಬಂದಿದ್ದರೆ, ಹೊಸ ನಾಳ ಬೆಳೆದಿದ್ದರೆ, ನೇರ ಗೆರೆ ಸೊಟ್ಟಗೆ ಕಾಣತೊಡಗಿದ್ದರೆ.

• ಕೆಲವು ವಾರಗಳಲ್ಲಿ: ನಡುಭಾಗದಲ್ಲಿ ಬಾವು ಇದೆ ಎಂದು ಡಾಕ್ಟರು ಹೇಳಿದ್ದರೆ.

• ಹೇಳಿದ ತಾರೀಖಿಗೆ: ಆರಂಭದ ರೆಟಿನೋಪತಿ, ನಿಗಾ ಮಾತ್ರ ಬೇಕಾದವರು.

ಚೀಟಿ ಕೈಗೆ ಬಂದಾಗ ಡಾಕ್ಟರನ್ನು ಎರಡೇ ಪ್ರಶ್ನೆ ಕೇಳಿ: 'ಯಾಕೆ ಕಳಿಸುತ್ತಿದ್ದೀರಿ? ಎಷ್ಟು ದಿನದೊಳಗೆ ಹೋಗಬೇಕು?' ಉತ್ತರವನ್ನು ಚೀಟಿಯ ಮೇಲೇ ಬರೆಸಿಕೊಳ್ಳಿ.

ಮೊದಲ ಮಾತು: 'ಇದು ಕಮಿಷನ್ ದಂಧೆ'

ಈ ಅನುಮಾನ ಹುಟ್ಟಲು ಕಾರಣವೇ ಇಲ್ಲ ಎಂದು ನಾವು ಹೇಳುವುದಿಲ್ಲ. ರೋಗಿಯನ್ನು ಕಳಿಸಿದ್ದಕ್ಕೆ ಹಣ ಕೊಡುವುದು, ಪಡೆಯುವುದು ಎರಡನ್ನೂ ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನೀತಿಸಂಹಿತೆ ನಿಷೇಧಿಸಿದೆ. ಅಂಥ ಚಾಳಿ ಇರುವುದರಿಂದಲೇ ನಿಷೇಧ ಬಂದದ್ದು. ಪುರಾವೆ ಇದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು.

ಆದರೆ ಯಾರೋ ಕಮಿಷನ್ ತಿಂದರೆಂದು ನಿಮ್ಮ ಕಣ್ಣಿನ ರೋಗ ಸುಳ್ಳಾಗುವುದಿಲ್ಲ. ಅನುಮಾನವಿದ್ದರೆ ಹೀಗೆ ಮಾಡಿ: 'ಇದೇ ಪರೀಕ್ಷೆ ಬೇರೆ ಎಲ್ಲಿ ಆಗುತ್ತದೆ?' ಎಂದು ಕೇಳಿ. ಚೀಟಿಯಲ್ಲಿ ಬರೆದ ಆಸ್ಪತ್ರೆಗೇ ಹೋಗಬೇಕೆಂಬ ಕಾನೂನಿಲ್ಲ. ಹಾವೇರಿ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಬಹುದು, ಹುಬ್ಬಳ್ಳಿಯ ಕೆಎಂಸಿ-ಆರ್‌ಐಗೆ (ಹಿಂದಿನ ಕಿಮ್ಸ್) ಹೋಗಬಹುದು, ಬೆಂಗಳೂರಿನ ಮಿಂಟೊ ಸರ್ಕಾರಿ ಕಣ್ಣಿನ ಆಸ್ಪತ್ರೆಯೂ ಇದೆ. ಕಣ್ಣೊಳಗಿನ ಫೋಟೊ, ಸ್ಕ್ಯಾನ್ ವರದಿ ಕೇಳಿ ಪಡೆದು ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಎರಡನೇ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು.

ಇನ್ನೊಂದು ವಿಷಯ ಫಾರ್ವರ್ಡ್‌ನಲ್ಲಿ ಇರುವುದಿಲ್ಲ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಅಲ್ಲದ ಹಲವು ಚಿಕಿತ್ಸೆಗಳಿಗೆ ನೋಂದಾಯಿತ ಖಾಸಗಿ ಆಸ್ಪತ್ರೆಯಲ್ಲಿ ಈ ನೆರವು ಸಿಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಅಂದರೆ ದೇವರ ಗೂಡಿನಲ್ಲಿರುವ ಆ ಚೀಟಿಗೆ ದುಡ್ಡಿನ ಬೆಲೆಯೂ ಇರಬಹುದು. ನಿಮಗೆ ಬೇಕಾದ ಚಿಕಿತ್ಸೆ ಯೋಜನೆಯಲ್ಲಿ ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲೇ ಕೇಳಿ.

ಎರಡನೇ ಮಾತು: 'ಇಂಜೆಕ್ಷನ್ ಹಾಕಿದರೆ ಕಣ್ಣು ಹೋಗುತ್ತದೆ'

ಕಣ್ಣಿಗೆ ಸೂಜಿ ಎಂದರೆ ಯಾರಿಗಾದರೂ ಭಯವೇ. ನಡೆಯುವುದು ಹೀಗೆ: ಮರಗಟ್ಟಿಸುವ ಹನಿ ಹಾಕುತ್ತಾರೆ, ಅಯೋಡಿನ್ ದ್ರಾವಣದಿಂದ ಕಣ್ಣು ಶುದ್ಧ ಮಾಡುತ್ತಾರೆ, ಕಣ್ಣಿನ ಬಿಳಿಭಾಗದ ಮೂಲಕ ಕೂದಲಿನಷ್ಟು ಸಣ್ಣ ಸೂಜಿಯಿಂದ ಒಂದು ಹನಿಯಷ್ಟು ಔಷಧ ಕೊಡುತ್ತಾರೆ. ಚುಚ್ಚುವುದು ಕೆಲವೇ ಸೆಕೆಂಡುಗಳ ಕೆಲಸ. ಬೆವಾಸಿಝುಮ್ಯಾಬ್, ರ‍್ಯಾನಿಬಿಝುಮ್ಯಾಬ್, ಅಫ್ಲಿಬರ್ಸೆಪ್ಟ್ ಇವು ಬಳಕೆಯಲ್ಲಿರುವ ಔಷಧಗಳು. 'ಹೊಸ ನಾಳ ಬೇಕು' ಎಂಬ ಆ ಸಂಕೇತವನ್ನು ಇವು ತಡೆಯುತ್ತವೆ, ಜಿನುಗುವುದನ್ನು ಕಡಿಮೆ ಮಾಡುತ್ತವೆ.

ಅಪಾಯ ಇಲ್ಲವೇ ಇಲ್ಲವೇ? ಇದೆ. ಕಣ್ಣೊಳಗೆ ಸೋಂಕು ಆಗಬಹುದು. ಅದು ಸಾವಿರಾರು ಇಂಜೆಕ್ಷನ್‌ಗಳಲ್ಲಿ ಒಂದೆರಡು ಸಲ ಆಗುವಂಥದ್ದು, ಆದರೆ ಆದರೆ ಗಂಭೀರ. ಇಂಜೆಕ್ಷನ್ ಆದ ಮೇಲಿನ ದಿನಗಳಲ್ಲಿ ನೋವು, ಕೆಂಪು ಹೆಚ್ಚುತ್ತಾ ಹೋದರೆ, ದೃಷ್ಟಿ ಇಳಿದರೆ ಅದೇ ದಿನ ಹೋಗಬೇಕು.

ಹಾಗಿದ್ದರೆ 'ಹಾಕಿಸಿಕೊಂಡ ಮೇಲೆ ಕಣ್ಣು ಹೋಯಿತು' ಎಂದು ಜನ ಯಾಕೆ ಹೇಳುತ್ತಾರೆ? ಮುಖ್ಯ ಕಾರಣಗಳು ಎರಡು. ಒಂದು, ತೀರಾ ತಡವಾಗಿ ಬಂದಿರುತ್ತಾರೆ. ಆಗಲೇ ಸತ್ತ ರೆಟಿನಾಕ್ಕೆ ಯಾವ ಔಷಧವೂ ಜೀವ ತುಂಬದು. ಎರಡು, ಸಾಮಾನ್ಯವಾಗಿ ಒಂದು ಇಂಜೆಕ್ಷನ್ ಸಾಲದು, ಮೊದಮೊದಲು ತಿಂಗಳಿಗೊಂದರಂತೆ ಕೆಲವು ಬೇಕಾಗುತ್ತವೆ. ಒಂದು ಹಾಕಿಸಿಕೊಂಡು 'ಸರಿಹೋಯಿತು' ಎಂದು ಬಿಟ್ಟರೆ ರೋಗ ಮರಳುತ್ತದೆ, ಹೆಸರು ಇಂಜೆಕ್ಷನ್‌ಗೆ ಕೆಡುತ್ತದೆ.

ಲೇಸರ್ ಕತೆಯೂ ಇಂಥದ್ದೇ. 1970ರ ದಶಕದಲ್ಲೇ ಅಮೆರಿಕದ ದೊಡ್ಡ ಅಧ್ಯಯನವೊಂದು, ಹೊಸ ನಾಳ ಬೆಳೆದ ಕಣ್ಣುಗಳಿಗೆ ಲೇಸರ್ ಹಾಕಿದರೆ ತೀವ್ರ ದೃಷ್ಟಿನಾಶದ ಅಪಾಯ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆ ಎಂದು ತೋರಿಸಿತು. ಲೇಸರ್ ಆದ ಮೇಲೆ ಕತ್ತಲಲ್ಲಿ, ಬದಿಯಲ್ಲಿ ಕಾಣುವುದು ಸ್ವಲ್ಪ ಕಡಿಮೆಯಾಗಬಹುದು ಎಂಬುದೂ ನಿಜ. ಅದು ಇದ್ದ ದೃಷ್ಟಿ ಉಳಿಸಿಕೊಳ್ಳಲು ತೆರುವ ಬೆಲೆ. ಹೋದದ್ದನ್ನು ಮರಳಿ ತರುವುದಕ್ಕಿಂತ ಇರುವುದನ್ನು ಕಾಯುವುದೇ ಈ ಚಿಕಿತ್ಸೆಗಳ ದೊಡ್ಡ ಕೆಲಸ.

ಮೂರನೇ ಮಾತು: ಈರುಳ್ಳಿ ರಸ, ಜೇನುತುಪ್ಪ

ರೆಟಿನಾ ಇರುವುದು ಕಣ್ಣುಗುಡ್ಡೆಯ ಹಿಂಗೋಡೆಯಲ್ಲಿ. ಮೇಲಿಂದ ಹಾಕಿದ ಈರುಳ್ಳಿ ರಸ ಅಲ್ಲಿಗೆ ತಲುಪುವುದಿಲ್ಲ. ಆದರೆ ಮುಂದಿನ ಪಾರದರ್ಶಕ ಪದರ ಕಾರ್ನಿಯಾಕ್ಕೆ ಮಾತ್ರ ಚೆನ್ನಾಗಿ ತಲುಪುತ್ತದೆ. ಅಡುಗೆಮನೆಯ ರಸವಾಗಲಿ ಜೇನುತುಪ್ಪವಾಗಲಿ ಕ್ರಿಮಿಶುದ್ಧ ಅಲ್ಲ. ಅಲ್ಲಿ ಹುಣ್ಣಾದರೆ ಬಿಳಿ ಕಲೆ ಉಳಿದು ದೃಷ್ಟಿ ಹೋಗಬಹುದು. ಬ್ಯಾಡಗಿ ಮೆಣಸಿನಕಾಯಿ ಮುಟ್ಟಿದ ಕೈಯನ್ನು ಯಾರೂ ಕಣ್ಣಿಗೆ ಒಯ್ಯುವುದಿಲ್ಲ. ಈರುಳ್ಳಿ ರಸದ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು.

ಕಳಿಸಿದ ಮೇಲೆ ಊರಿನ ಡಾಕ್ಟರ ಕೆಲಸ ಮುಗಿಯಿತೇ?

ಇಲ್ಲ. ಅರ್ಧ ಚಿಕಿತ್ಸೆ ಊರಲ್ಲೇ ನಡೆಯಬೇಕು. ರೆಟಿನಾ ಡಾಕ್ಟರು ಎಷ್ಟೇ ಚೆನ್ನಾಗಿ ಲೇಸರ್ ಹಾಕಿದರೂ ಶುಗರ್, ಬಿಪಿ ಹತೋಟಿಗೆ ಬರದಿದ್ದರೆ ರೋಗ ಮುಂದುವರಿಯುತ್ತದೆ. ರೆಟಿನಾ ಕೆಟ್ಟವರಲ್ಲಿ ಕಿಡ್ನಿಯೂ ಕೆಟ್ಟಿರುವ ಸಾಧ್ಯತೆ ಇರುವುದರಿಂದ ಆ ಪರೀಕ್ಷೆಯೂ ಆಗಬೇಕು. ಪಯೋಗ್ಲಿಟಝೋನ್ ಎಂಬ ಶುಗರ್ ಮಾತ್ರೆ ಕೆಲವರಲ್ಲಿ ರೆಟಿನಾದ ಬಾವು ಹೆಚ್ಚಿಸಬಹುದು. ತುಂಬಾ ಹೆಚ್ಚಿದ್ದ ಶುಗರ್ ಒಮ್ಮೆಲೇ ಇಳಿದರೂ ಕೆಲವರಲ್ಲಿ ರೆಟಿನೋಪತಿ ತಾತ್ಕಾಲಿಕವಾಗಿ ಹೆಚ್ಚಾಗುವುದುಂಟು. ಇದನ್ನು ಓದಿ ಮಾತ್ರೆ ನಿಲ್ಲಿಸಬೇಡಿ. ಇಬ್ಬರು ಡಾಕ್ಟರೂ ಪರಸ್ಪರ ತಿಳಿದುಕೊಂಡು ತೀರ್ಮಾನಿಸಬೇಕಾದ ವಿಷಯಗಳಿವು.

ಹಾಗಾಗಿ ಚೀಟಿ ಎರಡು ಕಡೆಯಿಂದಲೂ ಓಡಾಡಬೇಕು. ಹೋಗುವ ಚೀಟಿಯಲ್ಲಿ ಇರಬೇಕಾದದ್ದು: ಶುಗರ್ ಎಷ್ಟು ವರ್ಷದಿಂದ, ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಎಷ್ಟು, ಬಿಪಿ, ಕಿಡ್ನಿ ವರದಿ, ತೆಗೆದುಕೊಳ್ಳುವ ಮಾತ್ರೆಗಳು, ಎರಡೂ ಕಣ್ಣಿನ ದೃಷ್ಟಿ, ಒಳಗೆ ಕಂಡದ್ದೇನು, ಎಷ್ಟು ಅವಸರ. ಮರಳುವ ಚೀಟಿಯಲ್ಲಿ: ಏನು ರೋಗ, ಏನು ಮಾಡಿದರು, ಮುಂದಿನ ತಾರೀಖು, ಊರಲ್ಲಿ ಏನು ನೋಡಿಕೊಳ್ಳಬೇಕು. ಮರಳುವ ಚೀಟಿ ಬರೆಸಿಕೊಳ್ಳದೆ ಬಸ್ ಹತ್ತಬೇಡಿ. ರೆಟಿನಾ ಆಪರೇಷನ್‌ನಲ್ಲಿ ಕಣ್ಣೊಳಗೆ ಗ್ಯಾಸ್ ತುಂಬಿದ್ದರೆ ಅದು ಕರಗುವವರೆಗೆ ವಿಮಾನ ಹತ್ತಬಾರದು, ಬೇರೆ ಯಾವ ಆಪರೇಷನ್‌ಗೂ ಮುನ್ನ ಅರಿವಳಿಕೆ ಡಾಕ್ಟರಿಗೆ ತಿಳಿಸಲೇಬೇಕು. ಊರಿನ ಡಾಕ್ಟರಿಗೂ ಇದು ಗೊತ್ತಿರಬೇಕು.

ಕರ್ನಾಟಕವೇ ತೋರಿಸಿದ ದಾರಿ

ದೂರದ ಊರು, ತಜ್ಞರ ಕೊರತೆ ಎಂಬ ಕಷ್ಟಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉತ್ತರ ಹುಟ್ಟಿದೆ. ದಿನ ತುಂಬುವ ಮೊದಲೇ ಹುಟ್ಟಿದ ಶಿಶುಗಳ ರೆಟಿನಾದಲ್ಲಿ ನಾಳಗಳು ತಪ್ಪಾಗಿ ಬೆಳೆದು ಕುರುಡುತನ ಬರಬಹುದು. ಇದನ್ನು ಆರ್‌ಒಪಿ ಎನ್ನುತ್ತಾರೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರ ತಂಡ 2008ರಲ್ಲಿ ಕಿಡ್ರಾಪ್ ಎಂಬ ಕಾರ್ಯಕ್ರಮ ಶುರುಮಾಡಿತು. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಹೋಗಿ ರೆಟಿನಾದ ಫೋಟೊ ತೆಗೆಯುತ್ತಾರೆ, ತಜ್ಞರು ದೂರದಿಂದಲೇ ನೋಡಿ ಚಿಕಿತ್ಸೆ ಬೇಕಾದ ಮಗು ಯಾವುದು ಎಂದು ಹೇಳುತ್ತಾರೆ.

ನಿಮ್ಮ ಮನೆಯಲ್ಲಿ 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ 2 ಕಿಲೋಗಿಂತ ಕಡಿಮೆ ತೂಕದ ಮಗು ಇದ್ದರೆ ಹುಟ್ಟಿದ 30 ದಿನದೊಳಗೆ ರೆಟಿನಾ ತಪಾಸಣೆ ಆಗಲೇಬೇಕು. ತೀರಾ ಸಣ್ಣ ಶಿಶುಗಳಿಗೆ ಇನ್ನೂ ಮೊದಲೇ, ಎರಡು ಮೂರು ವಾರಕ್ಕೇ. ಬಾಣಂತನದ ನಡುವೆ ಈ ತಾರೀಖು ಮರೆಯುವುದು ಸುಲಭ. ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದರೆ ಅದನ್ನು ಲಸಿಕೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ.

ಹೋಗುವ ದಿನ

• ಜೊತೆಗೆ ಒಬ್ಬರು ಇರಲಿ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ನಾಲ್ಕಾರು ಗಂಟೆ ಮಂಜು ಕಾಣುತ್ತದೆ, ಬಿಸಿಲು ಚುಚ್ಚುತ್ತದೆ. ಬೈಕ್ ಓಡಿಸಬೇಡಿ. ಮಂಜು ತಾನಾಗಿ ಹೋಗುತ್ತದೆ.

• ಊಟ, ಶುಗರ್ ಮಾತ್ರೆ ತಪ್ಪಿಸಬೇಡಿ, ಆಸ್ಪತ್ರೆಯವರೇ ಬೇಡ ಎಂದಿದ್ದರೆ ಮಾತ್ರ ಬೇರೆ. ರಕ್ತ ತೆಳುಮಾಡುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

• ಹಳೆಯ ಚೀಟಿಗಳು, ಮಾತ್ರೆ ಪಟ್ಟಿಗಳು, ಕನ್ನಡಕ, ಆಧಾರ್, ರೇಷನ್ ಕಾರ್ಡ್ ಒಂದೇ ಚೀಲದಲ್ಲಿರಲಿ.

• ಕೈಗೆ ಬಣ್ಣದ ಔಷಧ ಚುಚ್ಚಿ ರೆಟಿನಾದ ಫೋಟೊ ತೆಗೆದರೆ ಒಂದು ದಿನ ಚರ್ಮ, ಮೂತ್ರ ಹಳದಿಯಾಗಬಹುದು. ಅದು ಕಾಮಾಲೆ ಅಲ್ಲ.

ನಮ್ಮ ತೀರ್ಮಾನ

ಫಾರ್ವರ್ಡ್‌ನ ಮೊದಲ ಮಾತು ದಾರಿ ತಪ್ಪಿಸುವಂಥದ್ದು. ಎರಡನೆಯದು ತಪ್ಪು. ಮೂರನೆಯದು ಅಪಾಯಕಾರಿ.

ಈಗ ಒಂದು ಕೆಲಸ ಮಾಡಿ. ಮನೆಯಲ್ಲಿ ಶುಗರ್ ಇರುವ ಅಪ್ಪ, ಅವ್ವ, ಕಾಕಾ, ಅತ್ತಿ ಯಾರೇ ಇರಲಿ, 'ಹನಿ ಹಾಕಿ ಕಣ್ಣಿನ ಒಳಗ ನೋಡಿಸಿ ಎಷ್ಟು ದಿನ ಆತು?' ಎಂದು ಕೇಳಿ. ವರ್ಷ ದಾಟಿದ್ದರೆ ತಾರೀಖು ಗೊತ್ತುಮಾಡಿ. ಹಳೆಯ ಚೀಟಿ ಎಲ್ಲಾದರೂ ಮಡಚಿಟ್ಟಿದ್ದಾರೆಯೇ ಎಂದೂ ನೋಡಿ. ಈ ಲೇಖನವನ್ನು ಆ ಸಂದೇಶ ಬಂದ ಗುಂಪಿಗೇ ಕಳಿಸಿದರೆ ಇನ್ನೂ ಒಳ್ಳೆಯದು.